ಎಳೆಯದ ಲಿವರ್

ಮಗಳ ಫೋನು ಕ್ಲಿಕ್ ಎಂದಾಗಲೆಲ್ಲ ನಾನು ಈಗಲೂ ಅದರ ಹಿಂದೆ ಬರಬೇಕಾದ ‘ಕರ್ರ್’ ಸದ್ದಿಗೆ ಕಾಯುತ್ತೇನೆ.

ಹೊಸನಗರದಲ್ಲಿ ಸ್ಟುಡಿಯೋ ಇಟ್ಟಿದ್ದ ಚಿಕ್ಕಪ್ಪನೇ ಕಲಿಸಿದ್ದು: “ಫೋಟೋ ತೆಗೆದ್ಮೇಲೆ ಕ್ಯಾಮೆರಾದ ಲಿವರ್ ಕರ್ರ್ ಅಂತ ಎಳೀಬೇಕು ಪುಟ್ಟಿ. ಇಲ್ದಿದ್ರೆ ರೀಲು ಮುಂದೆ ಹೋಗಲ್ಲ.”

ಅವನ ಜೊತೆ ಹೋಗಿದ್ದ ತೀರ್ಥಹಳ್ಳಿಯ ಮದುವೆಯೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸರು ತಮ್ಮದೂ ಒಂದು ಫೋಟೋ ತೆಗೆಯಲು ಕೇಳಿದರು. ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಸಾಲಾಗಿ ನಿಂತರು. ಫ್ಲ್ಯಾಶ್ ಬೆಳಗಿತು. ಚಿಕ್ಕಪ್ಪ ಲಿವರ್ ಎಳೆಯಲಿಲ್ಲ.

“ಚಿಕ್ಕಪ್ಪ, ಮರ್ತ್ಯಲ್ಲ!”

“ಸುಮ್ನಿರೆ ಮಾರಾಯ್ತಿ. ಬರೀ ಫ್ಲ್ಯಾಶ್ ಹೊಡ್ದಿದ್ದು. ಇವ್ರಿಗೆಲ್ಲ ರೀಲು ಹಾಳು ಮಾಡಕ್ಕಾಗುತ್ತಾ?” ಎಂದು ಪಿಸುಗುಟ್ಟಿದ.

ನನ್ನ ಹುಟ್ಟುಹಬ್ಬಕ್ಕೆ ಅವನೇ ತೆಗೆದಿದ್ದ ಫೋಟೋ ನೆನಪಾಯಿತು. ಕೇಳಿದಾಗಲೆಲ್ಲ “ಇನ್ನೂ ರೀಲು ತೊಳ್ದಿಲ್ಲ” ಎನ್ನುತ್ತಿದ್ದ. ಅವತ್ತು ಹೊಸ ಲಂಗ ಹಾಕಿಕೊಂಡು, ಕೆನ್ನೆ ನೋಯುವಷ್ಟು ನಕ್ಕಿದ್ದೆ. ಫ್ಲ್ಯಾಶ್ ಬೆಳಗಿತ್ತು. ಆ ‘ಕರ್ರ್’ ಸದ್ದು ಮಾತ್ರ ಕೇಳಿರಲಿಲ್ಲ.