ಹಾಲಮ್ಮನ ಮುಂದೆ ಎರಡು ಲೋಟ

ಅಜ್ಜಿ ಹೇಳುವ ಕಥೆಗಳಲ್ಲಿ ಏಳು ಸಮುದ್ರದಾಚೆಯ ಗಿಡದ ಬೇರೊಂದನ್ನು ತಂದು ಮೂಗಿಗೆ ಹಿಡಿದರೆ ಸಾಕು, ಸಾಯೋ ರಾಣಿ ಎದ್ದು ಕೂರುತ್ತಿದ್ದಳು...

ದಾವಣಗೆರೆಯ ಹಾಲಮ್ಮನ ಮನೆಗೂ ಬೇರುಗಳು ಬಂದವು. ಸಮುದ್ರ ದಾಟಿ ಅಲ್ಲ... ವಾಟ್ಸಾಪ್ ದಾಟಿ!

ಹಾಲಮ್ಮನಿಗೆ ಸ್ತನ ಕ್ಯಾನ್ಸರ್. ಆರು ಕೀಮೋ ಆಗಬೇಕಿತ್ತು. ಎರಡು ಮುಗಿದಿದ್ದವು.

ನಮ್ಮ ಕಡೆ ಪದ್ಧತಿ ಗೊತ್ತಲ್ಲ... ಹುಷಾರಿಲ್ಲದವರನ್ನು ನೋಡೋಕೆ ಬರಿಗೈಲಿ ಹೋಗಬಾರದು. ಬಂದವರು ಕೊಟ್ಟದ್ದನ್ನು ಬೇಡ ಅನ್ನಲೂಬಾರದು.

ಮೊದಲೆಲ್ಲ ಬ್ರೆಡ್ಡು, ಎಳನೀರು, ಮೋಸಂಬಿ ಬರುತ್ತಿದ್ದವು. ಈಗ ವಾಟ್ಸಾಪ್ ಮದ್ದಿನ ಬಾಟಲಿಗಳು ಬಂದವು.

ಹಾಗಲಕಾಯಿ ರಸ... ಅಡುಗೆ ಸೋಡಾ ಕದಡಿದ ನಿಂಬೆನೀರು... ಯಾವುದೋ ಎಲೆಯನ್ನು ಮೂರು ದಿನ ನೆನೆಹಾಕಿದ, ಮೇಲೆ ಬೂಷ್ಟು ತೇಲುವ ಹಸಿರು ನೀರು...

ಬಂದವರ ಮನಸ್ಸು ನೋಯಬಾರದು ಅಂತ ಹಾಲಮ್ಮ ಅವರೆದುರೇ ಕಣ್ಣುಮುಚ್ಚಿ ಕುಡಿಯುತ್ತಿದ್ದಳು. ಕೀಮೋಗೆ ಬಾಯೆಲ್ಲ ಹುಣ್ಣು. ಅವರು ಗೇಟು ದಾಟಿದ್ದೇ ತಡ, ಬಚ್ಚಲಿಗೆ ಓಡುತ್ತಿದ್ದಳು.

ಸೊಸೆ ಸೌಭಾಗ್ಯ ಅವಳ ಹಣೆ ಹಿಡಿದು ನಿಲ್ಲುತ್ತಿದ್ದಳು. ಹಸಿರು... ಹಳದಿ... ಕೊನೆಗೆ ಬರೀ ಪಿತ್ತ. ಎಷ್ಟು ಸೋಪು ಹಾಕಿ ತಿಕ್ಕಿದರೂ ಸೌಭಾಗ್ಯಳ ಕೈಯಿಂದ ಆ ವಾಸನೆ ಹೋಗುತ್ತಿರಲಿಲ್ಲ.

ಮೂರನೇ ಕೀಮೋ ಎರಡು ಸಲ ಮುಂದಕ್ಕೆ ಹೋಯಿತು. ರಿಪೋರ್ಟ್ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು.

"ಕಿಡ್ನಿಗೆ ತೊಂದರೆ ಆಗ್ತಿದೆ. ಹೊರಗಿಂದು ಏನು ಕುಡಿಸ್ತಿದೀರಿ? ಮೊದಲು ಅದನ್ನ ನಿಲ್ಲಿಸಿ. ನಾವು ತಡ ಮಾಡಿದ್ರೆ ಗಡ್ಡೆ ಸುಮ್ಮನೆ ಕೂರಲ್ಲಮ್ಮಾ."

ಮರುದಿನ ಬೆಳಿಗ್ಗೆಯೇ ಹಾಲಮ್ಮನ ಖಾಸಾ ತಮ್ಮ ಕೊಟ್ರೇಶಪ್ಪ ಬಂದ. ಕೈಯಲ್ಲಿ ಐದು ಲೀಟರಿನ ಕ್ಯಾನು. ಮುಚ್ಚಳ ತೆಗೆದದ್ದೇ, ಹುಳಿತ ಗೋಮೂತ್ರದ ನಾತ ಪಡಸಾಲೆ ತುಂಬಿತು!

"ಅಕ್ಕಾ, ದಿನಾ ಒಂದು ಲೋಟ. ಎಂಥಾ ಕ್ಯಾನ್ಸರ್ ಆದ್ರೂ ಗಂಟುಮೂಟೆ ಕಟ್ಟಬೇಕು!"

ಹಾಲಮ್ಮ ಕೈ ಚಾಚಿಯೇಬಿಟ್ಟಳು...

ಸೌಭಾಗ್ಯ ಒಳಗೆ ಹೋಗಿ ಎರಡು ಸ್ಟೀಲ್ ಲೋಟ ತಂದು, ಎರಡಕ್ಕೂ ಬಗ್ಗಿಸಿದಳು. ಒಂದನ್ನು ಹಾಲಮ್ಮನ ಮುಂದೆ, ಇನ್ನೊಂದನ್ನು ಕೊಟ್ರೇಶಪ್ಪನ ಮುಂದೆ ಇಟ್ಟಳು.

"ತಗೊಳ್ಳಿ ಮಾವ. ನೆಂಟರಿಷ್ಟರು ಬಂದಾಗ ನಾವೊಬ್ಬರೇ ಕುಡಿದ್ರೆ ಚೆಂದಾನಾ?"

"ಏ ಹುಚ್ಚವ್ವಾ, ನನಗ್ಯಾಕೆ? ನನಗೇನಾಗೇತಿ?"

"ಒಳ್ಳೇದು ಅಂದ್ರಲ್ಲ ಮಾವ. ಒಂದೇ ಗುಟುಕು."

ಅವನು ಲೋಟ ಎತ್ತಿದ. ತುಟಿಯ ಹತ್ತಿರ ತಂದ. ಮುಖ ಕಿವುಚಿ, ಮೂಗು ಮುಚ್ಚಿಕೊಂಡು "ವ್ಯಾಕ್" ಎಂದು ಕೆಳಗಿಟ್ಟ.

ಹಾಲಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು...

"ಕೊಟ್ರಾ... ನಿನ್ನದು ಬಾಯಿ. ನನ್ನದೇನು ಮೋರಿನೇನೋ?"

ಹಾಲಮ್ಮ ತನ್ನ ಮುಂದಿನ ಲೋಟವನ್ನು ಆಚೆ ತಳ್ಳಿದಳು.

"ಎರಡು ತಿಂಗಳಿಂದ ಎಲ್ಲಾರೂ ಸುರೀತಾನೇ ಅದಾರೆ. 'ನಿನಗೇನು ಬೇಕವ್ವಾ' ಅಂತ ಒಬ್ಬರೂ ಕೇಳಲಿಲ್ಲಲ್ಲೋ... ನನಗೆ ಕೀಮೋ ಬೇಕು. ನಾನು ಬದುಕಬೇಕು ಕಣೋ!"

ಕೊಟ್ರೇಶಪ್ಪ ಕ್ಯಾನನ್ನು ಹಿತ್ತಿಲಿಗೆ ಒಯ್ದು ಚೆಲ್ಲಿ ಬಂದ. ತಲೆ ಎತ್ತಲಿಲ್ಲ.

ಅಂದಿನಿಂದ ಸೌಭಾಗ್ಯ ಬಂದ ಬಾಟಲಿಗಳನ್ನೆಲ್ಲ ಬಾಗಿಲಲ್ಲೇ ವಾಪಸ್ ಕಳಿಸಿದಳು. "ಏನು ಸೊಸೆಯೋ, ಗಯ್ಯಾಳಿ!" ಅನ್ನಿಸಿಕೊಂಡಳು. ಮೂರು ವಾರಕ್ಕೆ ರಿಪೋರ್ಟ್ ಸುಧಾರಿಸಿತು. ಮೂರನೇ ಕೀಮೋ ಆಯಿತು.

ಅವತ್ತು ಆಸ್ಪತ್ರೆಯಲ್ಲಿ ಹಾಲಮ್ಮನಿಗೆ ವಾಂತಿ ಬಂದಾಗ, ಟಬ್ಬು ಹಿಡಿದು ನಿಂತವನು ಕೊಟ್ರೇಶಪ್ಪ. ಅವನ ಅಂಗಿಯ ಮೇಲೂ ಬಿತ್ತು.

"ದೂರ ಸರಿಯೋ ತಮ್ಮಾ... ಹೇಸಿಗೆ."

ಅವನು ಅಕ್ಕನ ಬಾಯಿ ಒರೆಸುತ್ತಾ ಅಂದ...

"ಸುಮ್ನಿರಕ್ಕಾ. ಇದಲ್ಲ ಹೇಸಿಗೆ. ಅವತ್ತು ನಾನು ತಂದಿದ್ನಲ್ಲ... ಅದು."

*

ನಾವು ನಾಲಿಗೆಗೆ ಮುಟ್ಟಿಸಲಾರದ್ದನ್ನು ರೋಗಿಯ ಗಂಟಲಿಗೆ ಸುರಿಯುವುದು ಪ್ರೀತಿಯಲ್ಲ.

ಹುಷಾರಿಲ್ಲದ ನಿಮ್ಮವರನ್ನು "ನಿನಗೇನು ಬೇಕು?" ಅಂತ ನೀವು ಒಮ್ಮೆಯಾದರೂ ಕೇಳಿದ್ದೀರಾ...?