ಮೂರು ಹಿಡಿ ಉಪ್ಪು

ಚರ್ಚಿನ ಸಭೆಯಲ್ಲಿ ಯಾರಾದರೊಬ್ಬರು ಪಾಪ ಬಚ್ಚಿಟ್ಟರೆ ಮಿಕ್ಕವರ ನಾಲಿಗೆಗೆಲ್ಲ ಉಪ್ಪಿನ ರುಚಿ ಹತ್ತುವುದಿಲ್ಲ. ಬಚ್ಚಿಟ್ಟವರಿಗೆ ಮಾತ್ರ ಹತ್ತುತ್ತದೆ. ಈ ಸಲ ಊಟವೆಲ್ಲ ಸಪ್ಪಗಾಗಿ ಮೂರು ವಾರವಾಗಿತ್ತು. ಅಡುಗೆಯ ಎಸ್ತೇರವ್ವನಿಗೆ ಎಲ್ಲರ ಮೇಲೂ ಗುಮಾನಿ. ಹಾಡು ಹೇಳಿಕೊಡುವ ರೂಬೇನನ ಮೇಲೆ, ಯಾಕೆ, ಪಾದ್ರಿ ಅಯ್ಯನವರ ಮೇಲೂ. ಭಾನುವಾರದ ಊಟದ ಸಾರಿಗೆ ಅವಳು ಬೇಕೆಂದೇ ಮೂರು ಹಿಡಿ ಉಪ್ಪು ಹೆಚ್ಚಿಗೆ ಸುರಿದಳು.

ಪಂಕ್ತಿ ಕೂತಿತು. ಸೌಟು ಹಿಡಿದು ಒಂದೊಂದೇ ಮುಖ ನೋಡುತ್ತ ನಡೆದಳು. ಅಯ್ಯನವರು ಸೊರ್ರೆಂದು ಸುರಿದುಕೊಂಡು ಉಂಡರು. ರೂಬೇನ, "ಇನ್ನಷ್ಟು ಹಾಕಬೇ ಯವ್ವಾ," ಎಂದ.

ಕೊನೆಯ ಎಲೆಯ ಮುಂದೆ ಅವಳ ಗಂಡ ಸಿಮಿಯೋನ ಒಂದೇ ತುತ್ತಿಗೆ ಮುಖ ಕಿವುಚಿದ. ಕಣ್ಣಲ್ಲಿ ನೀರು ಬಂತು.

"ಯಾಕ ಸಿಮಿಯೋನಾ, ಏನಾತು?" ಅಯ್ಯನವರು ಕತ್ತೆತ್ತಿದರು.

"ಇವರಿಗೆ ಖಾರ ನೆತ್ತಿಗೆ ಹತ್ತೇತ್ರೀ ಅಯ್ಯನೋರ," ಎಂದು ಎಸ್ತೇರವ್ವನೇ ಹೇಳಿ, ಗಂಡನ ತಲೆ ತಟ್ಟಿ ನೀರು ಕುಡಿಸಿದಳು.

ಎಲ್ಲರದೂ ಮುಗಿದ ಮೇಲೆ ತಾನೂ ಬಡಿಸಿಕೊಂಡು ಕೂತು ಒಂದು ತುತ್ತು ಬಾಯಿಗಿಟ್ಟಳು. ಮೂರು ವಾರದಿಂದ ಸಪ್ಪಗಿದ್ದ ಅವಳ ನಾಲಿಗೆಯನ್ನು ಉಪ್ಪು ಸುಟ್ಟಿತು. ತಲೆಯೆತ್ತಿದರೆ ಅಯ್ಯನವರು ತಂಬಿಗೆ ಹಿಡಿದು ಎದುರಿಗೇ ನಿಂತಿದ್ದರು.

"ನಿನಗೂ ನೀರು ಬೇಕೇನವ್ವಾ?"

"ಒಲ್ಲೆರೀ," ಎಂದವಳು ಅವರ ಕಣ್ಣೆದುರೇ ಎರಡನೆಯ ತುತ್ತು ಕಲಸಿದಳು.