ಹಿಡಿಗೇರಿದ ಕಾವು

ಸೌಟು ಕೈಗೆ ತಾಗಿದ್ದೇ ತಡ, ಸೊಸೆ ಕಿಟಾರನೆ ಕಿರುಚಿ ಅದನ್ನು ನೆಲಕ್ಕೆ ಬಿಟ್ಟಳು. ಬೇಯುತ್ತಿದ್ದ ಬೇಳೆಯಲ್ಲೇ ಬಿಟ್ಟಿದ್ದ ಸ್ಟೀಲ್ ಸೌಟು. ಕಾವು ಬುಡದಿಂದ ಏರಿ ಹಿಡಿಯ ತುದಿಯವರೆಗೂ ಬಂದಿತ್ತು. ಅದನ್ನು ಬರಿಗೈಯಲ್ಲೇ ಎತ್ತಿ ಕೊಟ್ಟವರು ಅತ್ತೆ.

“ಏನೇ ಅದು ರಂಪ? ಇಷ್ಟು ಹೊತ್ತು ನಾನು ಹಿಡ್ಕೊಂಡಿರಲಿಲ್ವಾ?”

ಗಂಡ ಬಾಗಿಲಲ್ಲಿ ಇಣುಕಿದ. “ಅಮ್ಮ ಆರಾಮಾಗಿ ಹಿಡ್ಕೊಂಡಿದ್ದನ್ನ ನೀನು ಮುಟ್ಟೋಕೂ ಆಗಲ್ವಾ? ಸ್ವಲ್ಪ ಅತಿಯಾಯ್ತು ನಿಂದು.” ಅವಳು ಬೆರಳಿನ ಬೊಬ್ಬೆ ತೋರಿಸುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಇದು ಮೊದಲ ಸಲವೇನಲ್ಲ. ಹಾಲಿನ ಪಾತ್ರೆ, ತಟ್ಟೆ, ಮುಚ್ಚಳ ಎಲ್ಲವೂ ಹೀಗೇ ಅವಳ ಕೈಸೇರಿದ್ದವು. ಬೇಕಂತಲೇ ಮಾಡುತ್ತಿದ್ದಾರೆ ಎಂಬ ಅನುಮಾನ ತಲೆಯಲ್ಲಿ ಕೂತುಬಿಟ್ಟಿತು. ತಾವು ಹಲ್ಲು ಕಚ್ಚಿ ಹಿಡಿಯುವುದು, ಆಮೇಲೆ ತನ್ನ ಕೈಗೆ ದಾಟಿಸುವುದು. ಯಾರಾದರೂ ಕೇಳಿದರೆ ಸಾಕ್ಷಿಗೆ ತಮ್ಮದೇ ಕೈ!

ಮರದ ಹಿಡಿಯ ಸೌಟೊಂದನ್ನು ತಂದಳು. “ಮರಕ್ಕೆ ಅಷ್ಟು ಬೇಗ ಕಾವು ಏರಲ್ಲ ಅತ್ತೆ.”

ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. “ನನ್ನ ಸಾಮಾನೆಲ್ಲ ಒಂದೊಂದಾಗಿ ಆಚೆ ಹಾಕೋ ಲೆಕ್ಕಾಚಾರನಾ? ಆಮೇಲೆ ನನ್ನನ್ನೂನಾ?” ಸೌಟು ಅಟ್ಟ ಸೇರಿತು.

ಅಂದಿನಿಂದ ಸೊಸೆ ಅತ್ತೆಯ ಮುಖವನ್ನೇ ಕದ್ದು ನೋಡತೊಡಗಿದಳು. ಬಿಸಿ ಮುಟ್ಟಿದಾಗ ಹುಬ್ಬಾದರೂ ಅಲುಗಬೇಕಲ್ಲ? ಅಲುಗುತ್ತಿರಲಿಲ್ಲ. ಎಂಥ ಹಟಮಾರಿ ಹೆಂಗಸು ಎಂದು ಅವಳಿಗೆ ಒಳಗೊಳಗೇ ಭಯವಾಗುತ್ತಿತ್ತು.

ಒಂದು ಬೆಳಿಗ್ಗೆ ಬಟ್ಟೆ ಹರವಿ ಬಂದವಳು ಅಡುಗೆಮನೆಯ ಬಾಗಿಲ ಮರೆಯಲ್ಲೇ ನಿಂತಳು. ಒಳಗೆ ಅತ್ತೆ ಒಬ್ಬರೇ. ಒಲೆಯ ಮೇಲೆ ಕಬ್ಬಿಣದ ಬಾಣಲೆ. ಅದರ ಹಿಡಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ಬಲಗೈಯಿಂದ ಈರುಳ್ಳಿ ಬಾಡಿಸುತ್ತ, ಕಿಟಕಿಯಾಚೆ ಕಿತ್ತಾಡುತ್ತಿದ್ದ ಎರಡು ಕಾಗೆಗಳನ್ನು ನೋಡಿ ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು. ಹಟ ತೋರಿಸಲು ಅಲ್ಲಿ ಯಾರೂ ಇರಲಿಲ್ಲ. ಆದರೂ ಎಡಗೈ ಕದಲಲಿಲ್ಲ. ಚರ್ಮ ಸುಡುವ ವಾಸನೆ ಬಾಗಿಲವರೆಗೂ ಬಂತು.

ಸೊಸೆಗೆ ಆಗ ಹೊಳೆಯಿತು. ಆ ಕೈಗೆ ಬಿಸಿ ಗೊತ್ತಾಗುತ್ತಲೇ ಇಲ್ಲ!

“ಅತ್ತೆ, ಕೈ ಬಿಡಿ!” ಎಂದು ಓಡಿಬಂದು ಅವರ ತೋಳು ಹಿಡಿದೆಳೆದಳು.

ಅತ್ತೆ ಕೊಸರಿಕೊಂಡು ಅವಳನ್ನೇ ದುರುಗುಟ್ಟಿ ನೋಡಿದರು. ಆಮೇಲೆ ಮೂಗರಳಿಸಿದರು.

“ಏನೇ ಅದು ವಾಸನೆ? ಏನು ಸುಟ್ಟು ಹಾಕಿದೆ ನೀನು?”